ಶಾಸ್ತ್ರದಾನವೂ ಪುಸ್ತಕದ ರಟ್ಟೂ

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಮೊದಲಿನ ಮೂರನ್ನು ಮಾಡುವಾಗ ನಮ್ಮ ಶ್ರಾವಕರ ದೃಷ್ಟಿ ದಾನವನ್ನು ಪಡೆಯುವವರ ಅಗತ್ಯದ ಮೇಲಿರುತ್ತದೆ. ಹಸಿದವನಿಗೆ ಬಡಿಸುವಾಗ ತಟ್ಟೆಯ ಅಂದವನ್ನು ಯಾರೂ ಚರ್ಚಿಸುವುದಿಲ್ಲ. ರೋಗಿಗೆ ಔಷಧವನ್ನು ಕೊಡುವಾಗ ಸೀಸೆಯ ಮೇಲೆ ಯಾರ ಹೆಸರಿರಬೇಕೆಂದು ಸಭೆ ಸೇರುವುದಿಲ್ಲ. ನಾಲ್ಕನೆಯದಾದ ಶಾಸ್ತ್ರದಾನದಲ್ಲಿ ಮಾತ್ರ ಈ ವಿವೇಕ ಸಡಿಲಗೊಂಡಿರುವುದನ್ನು ವಿಷಾದದಿಂದ ಹೇಳಬೇಕಾಗಿದೆ. ಗ್ರಂಥ ಯಾವುದು, ಅದನ್ನು ಓದುವವರು ಯಾರು ಎಂಬ ವಿಚಾರಕ್ಕಿಂತ ಮೊದಲು ರಟ್ಟು ಎಂಥದು, ದಾನಿಗಳ ಭಾವಚಿತ್ರ ಯಾವ ಪುಟದಲ್ಲಿ ಎಂಬ ಮಾತುಗಳು ಬರುತ್ತವೆ. ಈಗ ಇವುಗಳ ಜೊತೆಗೆ, ಅಚ್ಚು ಹಾಕಿಸುವುದೇ ಬೇಡ, ಮೊಬೈಲಿಗೆ ಕಳುಹಿಸಿದರೆ ಸಾಕು ಎಂಬ ಮಾತೂ ಸೇರಿಕೊಂಡಿದೆ. ಗಟ್ಟಿ ರಟ್ಟಿನ ಪುಸ್ತಕ, ಮೆತ್ತನೆಯ ರಟ್ಟಿನ ಸಾದಾ ಪ್ರತಿ, ವಿದ್ಯುನ್ಮಾನ ಪುಸ್ತಕ ಈ ಮೂರರಲ್ಲಿ ಯಾವುದನ್ನು ಆರಿಸಬೇಕೆಂಬುದು ಮೇಲುನೋಟಕ್ಕೆ ಖರ್ಚಿನ ಪ್ರಶ್ನೆಯಾಗಿ ಕಂಡರೂ ವಾಸ್ತವವಾಗಿ ಅದು ದಾನಧರ್ಮದ ಪ್ರಶ್ನೆ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಹುಬ್ಬಳ್ಳಿ-ದಾವಣಗೆರೆ ರೈಲುಮಾರ್ಗದ ಮೇಲೆ ಒಂದರ ಹಿಂದೊಂದು ಬರುವ ಊರುಗಳು. ಈ ಮೂರೂ ಊರುಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳ ಒಂದು ಕುಟುಂಬ ಈಚೆಗೆ ತಮ್ಮ ತಾಯಿಯ ಸ್ಮರಣಾರ್ಥ ಸ್ವಾಧ್ಯಾಯ ಗ್ರಂಥವೊಂದನ್ನು ಪ್ರಕಟಿಸಲು ಹಣವನ್ನು ತೆಗೆದಿರಿಸಿತು. ಹಾವೇರಿಯ ಹಿರಿಯ ಮಗನ ಅಭಿಪ್ರಾಯ ಸ್ಪಷ್ಟವಾಗಿತ್ತು: "ಶಾಸ್ತ್ರವೆಂದರೆ ನೂರು ವರ್ಷ ನಿಲ್ಲಬೇಕು, ಅವ್ವನ ಹೆಸರೂ ಅದರೊಡನೆ ನಿಲ್ಲಬೇಕು. ಬಂಗಾರದ ಅಕ್ಷರದ ಗಟ್ಟಿ ರಟ್ಟೇ ಆಗಲಿ." ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರದಲ್ಲಿರುವ ಎರಡನೆಯ ಮಗ, "ಅಣ್ಣಾ, ಅದೇ ಹಣದಲ್ಲಿ ಸಾದಾ ಪ್ರತಿ ಮಾಡಿಸಿದರೆ ಎಷ್ಟೋ ಹೆಚ್ಚು ಮನೆಗಳಿಗೆ ಮುಟ್ಟುತ್ತದೆ" ಎಂದರು. ರಾಣೆಬೆನ್ನೂರಿನ ಮಗಳ ಮಗ, "ಮಾಮಾ, ಕಾಗದವೂ ಬೇಡ, ಕಪಾಟೂ ಬೇಡ. ಎಲ್ಲರ ಮೊಬೈಲಿಗೆ ಕಳುಹಿಸೋಣ. ಅಪರಿಗ್ರಹವೆಂದರೆ ಅದೇ ಅಲ್ಲವೇ?" ಎಂದು ಕೇಳಿದನು. ಮೂವರ ಮಾತಿಗೂ ಧರ್ಮದ ಆಧಾರವಿತ್ತು. ಆದ್ದರಿಂದಲೇ ಯಾರೂ ಮಣಿಯಲಿಲ್ಲ. ಕೊನೆಗೆ ಅವರು ನನ್ನ ಅಭಿಪ್ರಾಯವನ್ನು ಕೇಳಿದರು. ಅಂದು ಅವರಿಗೆ ಹೇಳಿದ್ದನ್ನೂ ಅನಂತರ ಯೋಚಿಸಿದ್ದನ್ನೂ ಓದುಗರ ಪರಿಶೀಲನೆಗಾಗಿ ಇಲ್ಲಿ ಬರೆದಿದ್ದೇನೆ. ಇದೇ ವಿವಾದ ನಮ್ಮ ಅನೇಕ ಮನೆಗಳಲ್ಲಿಯೂ ಬಸದಿಗಳ ವಿಶ್ವಸ್ತ ಮಂಡಳಿಗಳಲ್ಲಿಯೂ ನಡೆಯುತ್ತಿದೆ.

ನಿರ್ಣಯಕ್ಕೆ ಒಂದು ಮಾನದಂಡ ಬೇಕು. ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ದಾನದ ಹೆಚ್ಚುಗಾರಿಕೆ ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕನ್ನು ಅವಲಂಬಿಸಿದೆಯೆಂದು ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಪುಸ್ತಕದ ರೂಪವೆಂಬುದು ದ್ರವ್ಯಕ್ಕೆ ಸೇರಿದ ವಿಷಯ. ಆದರೆ ದ್ರವ್ಯ ಒಳ್ಳೆಯದೋ ಅಲ್ಲವೋ ಎಂಬುದು ಪಾತ್ರವನ್ನು, ಎಂದರೆ ಪಡೆಯುವವರನ್ನು, ನೋಡದೆ ತಿಳಿಯುವುದಿಲ್ಲ. ಉಪವಾಸವನ್ನು ಮುಗಿಸಿದವರಿಗೆ ಭಕ್ಷ್ಯಗಳ ರಾಶಿಯನ್ನು ಬಡಿಸುವುದು ಹೇಗೆ ಉಚಿತವಲ್ಲವೋ, ಕಣ್ಣು ಮಂಜಾದ ವೃದ್ಧೆಗೆ ಸಣ್ಣ ಅಕ್ಷರದ, ಎರಡು ಕೈಗಳಿಗೂ ಭಾರವಾಗುವ ಸಂಪುಟವನ್ನು ಕೊಡುವುದೂ ಹಾಗೆಯೇ. ನಮ್ಮ ಮುಂದಿರುವ ಮೂರು ರೂಪಗಳನ್ನೂ ಈ ಮಾನದಂಡದಿಂದಲೇ ಪರೀಕ್ಷಿಸೋಣ.

ಮೊದಲನೆಯದಾಗಿ, ಗಟ್ಟಿ ರಟ್ಟು ಗ್ರಂಥವನ್ನು ಉಳಿಸುತ್ತದೆ ಎಂಬ ವಾದ. ಗ್ರಂಥಗಳು ಹೇಗೆ ಉಳಿದವೆಂಬುದಕ್ಕೆ ನಮ್ಮ ಜಿಲ್ಲೆಯ ಚರಿತ್ರೆಯೇ ಸಾಕ್ಷಿ ಹೇಳುತ್ತದೆ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಕಾಲದಲ್ಲಿ ಅವನ ಸಾಮಂತನಾದ ಲೋಕಾದಿತ್ಯನ ರಾಜಧಾನಿಯಾಗಿತ್ತು. ಜಿನಸೇನಾಚಾರ್ಯರು ಪೂರ್ಣಗೊಳಿಸದೆ ಬಿಟ್ಟ ಮಹಾಪುರಾಣವನ್ನು ಶಿಷ್ಯರಾದ ಗುಣಭದ್ರಾಚಾರ್ಯರು ಮುಗಿಸಿದರು. ಅದರ ಉತ್ತರಭಾಗವಾದ ಉತ್ತರಪುರಾಣ ಶಕವರ್ಷ 820ರಲ್ಲಿ ಈ ಬಂಕಾಪುರದಲ್ಲಿ ಭವ್ಯರಿಂದ ಪೂಜೆಗೊಂಡ ಸಂಗತಿಯನ್ನು ಆ ಗ್ರಂಥದ ಪ್ರಶಸ್ತಿಯಿಂದ ತಿಳಿಯುತ್ತೇವೆ. ಅಂದು ಪೂಜೆಗೊಂಡ ಓಲೆಗಳು ಇಂದು ಇಲ್ಲ, ಉತ್ತರಪುರಾಣವಿದೆ. ಓಲೆಗಳು ಜೀರ್ಣವಾಗುವುದಕ್ಕೆ ಮೊದಲು ಯಾರೋ ಅವುಗಳನ್ನು ಓದಿ ಹೊಸ ಓಲೆಗಳಿಗೆ ಇಳಿಸಿದರು. ಅವು ಜೀರ್ಣವಾಗುವ ಮೊದಲು ಮತ್ತೆ ಯಾರೋ ಇಳಿಸಿದರು. ಸಾವಿರ ವರ್ಷಗಳನ್ನು ದಾಟಿ ಬಂದದ್ದು ಈ ನಕಲಿನ ಪರಂಪರೆ.

ತಾಳೆಯೋಲೆಯ ಕಟ್ಟಿಗೂ ಮೇಲೆ ಕೆಳಗೆ ಎರಡು ಮರದ ಹಲಗೆಗಳಿರುತ್ತಿದ್ದವು. ಅವು ಓಲೆಗಳನ್ನು ಕಾಪಾಡುತ್ತಿದ್ದವೇ ಹೊರತು ಓಲೆಗಳಿಗೆ ಅಂಟಿಕೊಂಡಿರಲಿಲ್ಲ. ದಾರವನ್ನು ಬಿಚ್ಚಿದರೆ ಮುರಿದ ಒಂದು ಓಲೆಯನ್ನು ತೆಗೆದು ಅದರ ಸ್ಥಾನದಲ್ಲಿ ಹೊಸದನ್ನು ಬರೆದು ಸೇರಿಸಬಹುದಾಗಿತ್ತು. ಗಟ್ಟಿತನಕ್ಕಿಂತ ದುರಸ್ತಿಗೆ ಒದಗುವ ಗುಣವನ್ನು ನಮ್ಮ ಹಿರಿಯರು ಮುಖ್ಯವೆಂದು ತಿಳಿದಿದ್ದರು.

ಇದೇ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ಆಚರಿಸಿ ತೋರಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಅವಳು ಹಂಚಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ನಮ್ಮ ವೇದಿಕೆಗಳ ಮೇಲೆ ಈ ಮಾತನ್ನು ಹೆಮ್ಮೆಯಿಂದ ಹೇಳುತ್ತೇವೆ. ಅದರ ಅರ್ಥವನ್ನು ಮಾತ್ರ ವಿಚಾರಿಸುವುದಿಲ್ಲ. 1007ರ ಶಾಸನವುಳ್ಳ ಲಕ್ಕುಂಡಿಯ ಬಸದಿಯನ್ನು ಕಟ್ಟಿಸಿದ ಆ ಮಹಾಸಾಧ್ವಿಗೆ ಒಂದೇ ಪ್ರತಿಯನ್ನು ರತ್ನಖಚಿತ ಪೆಟ್ಟಿಗೆಯಲ್ಲಿಟ್ಟು ಪೂಜಿಸುವ ಸಾಮರ್ಥ್ಯವಿರಲಿಲ್ಲವೇ? ಅವಳು ಆರಿಸಿಕೊಂಡದ್ದು ಸಾವಿರ ಕೈಗಳನ್ನು.

ಇದಕ್ಕೆ ಪ್ರತಿಯಾಗಿ ಮೂಡುಬಿದಿರೆಯ ಉದಾಹರಣೆಯನ್ನು ನೋಡಬೇಕು. ವೀರಸೇನಾಚಾರ್ಯರ ಧವಲಾ ಟೀಕೆಯೊಡನೆ ಷಟ್ಖಂಡಾಗಮ ಹಳೆಯ ಕನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಅಲ್ಲಿಯ ಬಸದಿಯ ಕಾವಲಿನಲ್ಲಿ ಶತಮಾನಗಳ ಕಾಲ ಭದ್ರವಾಗಿತ್ತು. ಹೊರಗಿನ ವಿದ್ವಾಂಸರಿಗೆ ಅದು ಹೆಸರಿನಿಂದ ಮಾತ್ರ ಪರಿಚಿತವಾಗಿತ್ತು. ಯಾತ್ರಿಕರು ದರ್ಶನ ಮಾಡಿ ಕೈಮುಗಿದು ಹಿಂದಿರುಗುತ್ತಿದ್ದರು. ನಕಲು ಮಾಡುವ ಕಾರ್ಯ 19ನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ ಬಹಳ ವರ್ಷ ನಡೆಯಿತು. ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲ ಸಂಪುಟ ಅಚ್ಚಾಯಿತು. ಸುಮಾರು ಎರಡು ದಶಕಗಳಲ್ಲಿ 16 ಸಂಪುಟಗಳು ಹೊರಬಂದವು. ಈ ಕಾರ್ಯದಲ್ಲಿ ನೆರವಾದವರಲ್ಲಿ ಬೆಳಗಾವಿ ಜಿಲ್ಲೆಯ ಸದಲಗದ ಡಾ. ಆ. ನೇ. ಉಪಾಧ್ಯೆಯವರೂ ಒಬ್ಬರು. ಮೂಡುಬಿದಿರೆಯ ಕಾವಲುಗಾರರ ಋಣವನ್ನು ನಾವು ಮರೆಯುವಂತಿಲ್ಲ. ಅವರಿಲ್ಲದಿದ್ದರೆ ನಕಲು ಮಾಡುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಆದರೆ ಕಾವಲಿನಿಂದ ಉಳಿದ ಗ್ರಂಥ ಸ್ವಾಧ್ಯಾಯಕ್ಕೆ ಬಂದದ್ದು ನಕಲಿನಿಂದ ಮತ್ತು ಅಚ್ಚಿನಿಂದ. ಆದ್ದರಿಂದ ಗಟ್ಟಿ ರಟ್ಟಿಗೆ ಭಂಡಾರದಲ್ಲಿ ನ್ಯಾಯವಾದ ಸ್ಥಾನವಿದೆ. ಎಲ್ಲ ಪ್ರತಿಗಳೂ ಭಂಡಾರದ ಪ್ರತಿಗಳೇ ಆಗಬೇಕೆಂಬುದು ಮಾತ್ರ ತಪ್ಪು.

ಇನ್ನು ಗಟ್ಟಿ ರಟ್ಟಿನ ಗಟ್ಟಿತನವನ್ನೇ ಪರೀಕ್ಷಿಸೋಣ. ಪುಸ್ತಕದ ಆಯುಷ್ಯವಿರುವುದು ಹೊಲಿಗೆಯಲ್ಲಿ ಮತ್ತು ಕಾಗದದಲ್ಲಿ. ಹದಿನಾರು ಪುಟಗಳ ಒಂದೊಂದು ಫಾರಮನ್ನೂ ಮಡಚಿ, ನಡುವೆ ದಾರದಿಂದ ಹೊಲಿದು, ಎಲ್ಲ ಫಾರಂಗಳನ್ನೂ ಒಂದಕ್ಕೊಂದು ಸೇರಿಸಿದ ಪುಸ್ತಕ ಮೆತ್ತನೆಯ ರಟ್ಟಿನದಾದರೂ ಬಾಳುತ್ತದೆ. ಬೆನ್ನನ್ನು ಉಜ್ಜಿ ಬಿಸಿ ಅಂಟನ್ನು ಬಳಿದು ಅಂಟಿಸಿದ ಪುಸ್ತಕಕ್ಕೆ ಎಂಥ ರಟ್ಟನ್ನು ಹೊದಿಸಿದರೂ ಕೆಲವು ವರ್ಷಗಳ ನಿತ್ಯ ಓದಿಗೆ ಹಾಳೆಗಳು ಕಳಚತೊಡಗುತ್ತವೆ. ಇಂದು ಬರುವ ಎಷ್ಟೋ ಗಟ್ಟಿ ರಟ್ಟಿನ ಪುಸ್ತಕಗಳ ಒಳಗಿರುವುದು ಈ ಅಂಟೇ. ವಿಶ್ವಸ್ತ ಮಂಡಳಿಗಳು ಮುದ್ರಕರಿಂದ ದರಪಟ್ಟಿಯನ್ನು ಪಡೆಯುವಾಗ ರಟ್ಟಿನ ಬಣ್ಣವನ್ನು ಕೇಳುತ್ತವೆ. ಹೊಲಿಗೆ ಉಂಟೇ ಎಂದು ಕೇಳುವುದನ್ನು ನಾನು ಕಂಡದ್ದು ಅಪರೂಪ.

ಅಹಿಂಸಾಧರ್ಮಿಗಳಾದ ನಾವು ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ. ರಟ್ಟಿಗೆ ಬಟ್ಟೆಯನ್ನೋ ಕಾಗದವನ್ನೋ ಹೊದಿಸಲು ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ ತೆಗೆದ ಜಿಲೆಟಿನ್ ಅಂಟನ್ನು ಬಳಸುವುದು ಪುಸ್ತಕೋದ್ಯಮದಲ್ಲಿ ಬಹುಕಾಲದ ರೂಢಿ. ಮೈದಾ ಹಿಟ್ಟಿನ ಸರಿಯನ್ನು ಬಳಸುವವರೂ ಇದ್ದಾರೆ. ಆದರೆ ಆ ಹಿಟ್ಟಿಗೆ ಹುಳುಗಳು ಬರುತ್ತವೆಂದು ಅದರಲ್ಲಿ ಮೈಲುತುತ್ತವನ್ನು ಬೆರೆಸುವ ಪದ್ಧತಿಯಿದೆ. ಪ್ರಾಣಿಜನ್ಯವಲ್ಲದ ಕೃತಕ ಅಂಟುಗಳೂ ಇಂದು ದೊರೆಯುತ್ತವೆ. ಅಡುಗೆಯ ಪದಾರ್ಥಗಳನ್ನು ಕೊಳ್ಳುವಾಗ ಪೊಟ್ಟಣವನ್ನು ತಿರುಗಿಸಿ ಹಸಿರು ಚುಕ್ಕೆಯನ್ನು ಹುಡುಕುವ ನಾವು, ಅಹಿಂಸೆಯನ್ನು ಬೋಧಿಸುವ ಗ್ರಂಥವನ್ನು ಯಾವ ಅಂಟಿನಿಂದ ಕಟ್ಟಿದ್ದಾರೆಂದು ವಿಚಾರಿಸದಿರುವುದು ಸೋಜಿಗ.

ಹುಳುಗಳ ಮಾತು ಬಂದುದರಿಂದ ಕಪಾಟುಗಳ ವಿಷಯವನ್ನೂ ಹೇಳಿಬಿಡಬೇಕು. ಚಾತುರ್ಮಾಸದ ತಿಂಗಳುಗಳು ಸ್ವಾಧ್ಯಾಯದ ಕಾಲ. ತೇವದ ಕಾಲವೂ ಹೌದು. ಬೀಗ ಹಾಕಿದ ಕಪಾಟಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿದ ದಪ್ಪ ಸಂಪುಟಗಳೊಳಗೆ ಗಾಳಿಯಾಡುವುದಿಲ್ಲ. ಬೂಷ್ಟು ಹಿಡಿಯುತ್ತದೆ, ಹುಳು ಬೀಳುತ್ತದೆ, ಗೆದ್ದಲು ಹತ್ತುತ್ತದೆ. ಅನಂತರ ನುಸಿಗುಳಿಗೆ, ಔಷಧ ಸಿಂಪಡಣೆ. ಜೀವದಯೆಯ ಗ್ರಂಥಗಳ ರಕ್ಷಣೆಗಾಗಿಯೇ ಜೀವಿಗಳು ಸಾಯುತ್ತವೆ. ಪ್ರತಿದಿನ ತೆರೆದು, ಒರೆಸಿ, ಓದಿ, ಮುಚ್ಚಿಡುವ ಪುಸ್ತಕಕ್ಕೆ ಹುಳು ಅಷ್ಟು ಸುಲಭವಾಗಿ ಬೀಳುವುದಿಲ್ಲ. ಓದುವುದೇ ಗ್ರಂಥರಕ್ಷಣೆಯ ಅಹಿಂಸಾತ್ಮಕ ಮಾರ್ಗ. ಓದುವವರಿಲ್ಲದ ಕಡೆಗೆ ಗ್ರಂಥವನ್ನು ಕಳುಹಿಸುವ ದಾನಿ ತನಗರಿವಿಲ್ಲದೆ ಈ ಹಿಂಸೆಯಲ್ಲಿ ಪಾಲುಗಾರನಾಗುತ್ತಾನೆ.

ಹಾಗಾದರೆ ಬ್ಯಾಡಗಿಯ ಸಹೋದರರ ಮಾತೇ ಸರಿಯೆನ್ನಬಹುದೇ? ಬಹುಮಟ್ಟಿಗೆ ಹೌದು. 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಯನ್ನು ಅದರ ಬಣ್ಣಕ್ಕಾಗಿ ಕೊಳ್ಳುತ್ತಾರೆ. ಅಲ್ಲಿಯ ಪೇಟೆಯಲ್ಲಿ ಡಬ್ಬಿ, ಕಡ್ಡಿ ಎಂದು ತಳಿಯನ್ನು ನೋಡಿ, ಕೈಯಲ್ಲಿ ಹಿಡಿದು ಪರೀಕ್ಷಿಸಿ ಬೆಲೆ ಕಟ್ಟುತ್ತಾರೆಯೇ ಹೊರತು ಚೀಲವನ್ನು ನೋಡಿ ಯಾರೂ ಬೆಲೆ ಕಟ್ಟುವುದಿಲ್ಲ. ಆ ವಿವೇಕ ಪುಸ್ತಕಕ್ಕೂ ಸಲ್ಲುತ್ತದೆ. 2023ರ ಜನವರಿ 6ರಿಂದ 8ರ ವರೆಗೆ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಂಥ ಸಮ್ಮೇಳನಗಳ ಮಳಿಗೆಗಳಲ್ಲಿ ಜನರು ಒಯ್ಯುವುದು ಬಹುಪಾಲು ಸಾದಾ ಪ್ರತಿಗಳನ್ನೇ. ಕನ್ನಡದ ಓದು ಬೆಳೆದದ್ದು ಕೈಗೆ ಎಟಕುವ ಬೆಲೆಯಿಂದ.

ಆದರೆ ಸಾದಾ ಪ್ರತಿಯಲ್ಲಿಯೂ ಎರಡು ದೋಷಗಳಿಗೆ ಎಡೆಯಿದೆ. ಅಗ್ಗವೆಂದು ಅಂಟಿಸಿ ಮಾಡಿದ ಪುಸ್ತಕದ ಹಾಳೆಗಳು ಕಳಚಿ ನೆಲಕ್ಕೆ ಬಿದ್ದರೆ ಅದು ಶ್ರುತದ ಅವಿನಯ. ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ಅಗ್ಗವಾದುದರಿಂದ ಲೆಕ್ಕವಿಲ್ಲದೆ ಅಚ್ಚು ಹಾಕಿಸಿ, ಮದುವೆಯಲ್ಲಿಯೂ ಪಂಚಕಲ್ಯಾಣದಲ್ಲಿಯೂ ತಾಂಬೂಲದ ಚೀಲದೊಳಗೆ ಹಾಕಿ ಕೊಟ್ಟ ಪುಸ್ತಕಗಳಲ್ಲಿ ಎಷ್ಟೋ ತೆರೆಯದೆಯೇ ರದ್ದಿಯ ಅಂಗಡಿಯನ್ನು ಸೇರುತ್ತವೆ. ಕೇಳದವರಿಗೆ ಕೊಟ್ಟ ಪುಸ್ತಕಕ್ಕೆ ಪಾತ್ರವಿಲ್ಲ. ಈ ವಿಷಯದಲ್ಲಿ ನಮ್ಮ ಜಿಲ್ಲೆಯವರೇ ಆದ ಗಳಗನಾಥರನ್ನು ನೆನೆಯಬೇಕು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ಸದ್ಬೋಧ ಚಂದ್ರಿಕೆಯ ಮೂಲಕ ಕನ್ನಡಿಗರಿಗೆ ಓದಿನ ರುಚಿ ಹತ್ತಿಸಿದ ಅವರು ತಮ್ಮ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಓದುಗನ ಬಾಗಿಲಿಗೆ ನಡೆದು ಹೋಗಿ, ಮುಖವನ್ನು ನೋಡಿ ಪುಸ್ತಕವನ್ನು ಕೊಡುವುದು ದಾನದ ವಿಧಿಯೂ ಆಗಬಲ್ಲದು.

ಇನ್ನು ವಿದ್ಯುನ್ಮಾನ ಪುಸ್ತಕ. ಇದನ್ನು ಹಳಬರು ಒಮ್ಮೆಲೇ ತಳ್ಳಿಹಾಕುವುದು ಸಲ್ಲದು. ಮುದ್ರಣ ಬಂದಾಗ ಶಾಸ್ತ್ರವನ್ನು ಅಚ್ಚು ಹಾಕಬಾರದೆಂದು ನಮ್ಮ ಸಮಾಜದಲ್ಲಿಯೇ ಬಲವಾದ ವಿರೋಧವಿತ್ತು. ಇಂದು ಅಚ್ಚಾದ ಶಾಸ್ತ್ರವಿಲ್ಲದ ಬಸದಿಯಿಲ್ಲ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳುವ ಅನುಕೂಲ ವೃದ್ಧರಿಗೆ ವರದಾನ. ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ಇರುವ ಮಕ್ಕಳಿಗೆ ಅಂಚೆಯ ವೆಚ್ಚವಿಲ್ಲದೆ ಗ್ರಂಥ ತಲುಪುತ್ತದೆ. ಉತ್ತರ ಅಮೆರಿಕದ ಜೈನ ಬಂಧುಗಳ ಶ್ರಮದಿಂದ ಬೆಳೆದ ಜೈನ್ ಇ-ಲೈಬ್ರರಿಯಲ್ಲಿ ಸಾವಿರಾರು ಗ್ರಂಥಗಳು ಉಚಿತವಾಗಿ ದೊರೆಯುತ್ತವೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಹಳೆಯ ಕನ್ನಡ ಪುಸ್ತಕಗಳೂ ಚಿತ್ರರೂಪಕ್ಕೆ ಬಂದವು. ಮುಂದೆ ಆ ಜಾಲತಾಣ ನಿಂತುಹೋಯಿತು. ಅಷ್ಟರಲ್ಲಿ ಇಂಟರ್ನೆಟ್ ಆರ್ಕೈವ್ ಸಂಸ್ಥೆಯವರು ನಕಲು ಮಾಡಿಟ್ಟುಕೊಂಡಿದ್ದ ಪುಸ್ತಕಗಳು ಇಂದಿಗೂ ಓದಲು ಸಿಗುತ್ತವೆ. ಬಂಕಾಪುರದ ಓಲೆಗಳ ಕಥೆಯೇ ಇಲ್ಲಿಯೂ ನಡೆಯಿತು: ಮೂಲ ಹೋಯಿತು, ನಕಲು ಉಳಿಯಿತು.

ಆದರೂ ಕಾಗದವಿಲ್ಲದುದೆಲ್ಲ ಅಪರಿಗ್ರಹವೆಂಬ ಮಾತನ್ನು ಒಪ್ಪಲಾಗದು. ವಸ್ತುವಿಗಿಂತ ಅದರ ಮೇಲಿನ ಮೂರ್ಛೆಯೇ ಪರಿಗ್ರಹವೆಂಬುದು ನಮ್ಮ ಆಚಾರ್ಯರ ನಿಲುವು. ದಿಗಂಬರ ಮುನಿಗಳು ಪಿಂಛಿ ಮತ್ತು ಕಮಂಡಲುಗಳೊಡನೆ ಶಾಸ್ತ್ರವನ್ನು ಇಟ್ಟುಕೊಂಡರೂ ಅದು ಪರಿಗ್ರಹವಾಗದೆ ಜ್ಞಾನೋಪಕರಣವಾಗುತ್ತದೆ. ಮೊಬೈಲಿನಲ್ಲಿ ತುಂಬಿಕೊಂಡು ಎಂದಿಗೂ ತೆರೆಯದ ನೂರಾರು ಗ್ರಂಥಗಳು ಕಪಾಟಿನಲ್ಲಿಟ್ಟು ತೆರೆಯದ ಗ್ರಂಥಗಳಷ್ಟೇ ಪರಿಗ್ರಹ. ಇದಲ್ಲದೆ, ಸಾಮಾಯಿಕ ಪ್ರತಿಕ್ರಮಣಗಳ ಹೊತ್ತಿನಲ್ಲಿ ಮೊಬೈಲನ್ನು ದೂರವಿಡುವುದು ಹಲವು ಮನೆಗಳ ನಿಯಮ. ವಿದ್ಯುತ್ತಿನಲ್ಲಿ ತೇಜಸ್ಕಾಯ ಜೀವಗಳಿವೆಯೆಂದು ಭಾವಿಸಿ ಆಗ ಅಂಥ ಸಾಧನಗಳ ಬಳಕೆಯನ್ನು ವರ್ಜಿಸುವ ಸಂಪ್ರದಾಯಗಳೂ ಇವೆ. ಠವಣೆಕೋಲಿನ ಮೇಲೆ ಶಾಸ್ತ್ರವನ್ನಿಟ್ಟು ಓದುವಾಗ ಬರುವ ಏಕಾಗ್ರತೆ, ನಡುನಡುವೆ ಕರೆಗಳು ಬರುವ ಸಾಧನದಲ್ಲಿ ಬರುವುದು ಕಷ್ಟ.

ಇದಕ್ಕಿಂತ ಮುಖ್ಯವಾದುದು ಒಡೆತನದ ಪ್ರಶ್ನೆ. ದಾನವೆಂದರೆ ತನ್ನದನ್ನು ಬಿಟ್ಟುಕೊಡುವುದು. ತನ್ನದಲ್ಲದುದನ್ನು ಕೊಡುವುದು ಹೇಗೆ? ಮಾರಾಟದ ವಿದ್ಯುನ್ಮಾನ ಪುಸ್ತಕಗಳಲ್ಲಿ ಬಹುಪಾಲು ಕೊಂಡವನಿಗೆ ಓದುವ ಅನುಮತಿಯನ್ನಷ್ಟೇ ಕೊಡುತ್ತವೆ. 2009ರಲ್ಲಿ ಅಮೆಜಾನ್ ಸಂಸ್ಥೆ ತಾನು ಮಾರಿದ ಜಾರ್ಜ್ ಆರ್ವೆಲ್‌ನ ಕೃತಿಗಳ ಪ್ರತಿಗಳನ್ನು ಹಕ್ಕುಸ್ವಾಮ್ಯದ ಕಾರಣದಿಂದ ಓದುಗರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದಂಗಡಿಯನ್ನು ಮುಚ್ಚಿದಾಗ ಹಣವನ್ನು ಹಿಂದಿರುಗಿಸಿತು. ಕೊಂಡ ಪುಸ್ತಕಗಳು ಮಾತ್ರ ಓದುಗರ ಕೈಬಿಟ್ಟುಹೋದವು. ಕನ್ನಡದ ಮಟ್ಟಿಗೆ ಇನ್ನೂ ಒಂದು ಕೊರತೆಯನ್ನು ನೆನೆಯಬೇಕು. 2016ರ ಡಿಸೆಂಬರಿನಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲನ್ನು ತೆರೆದಾಗ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಅತ್ತಿಮಬ್ಬೆ ಹಂಚಿದ ಪ್ರತಿಯನ್ನು ಪಡೆದವನು ಅದನ್ನು ಮತ್ತೊಬ್ಬನಿಗೆ ಕೊಡಬಹುದಿತ್ತು, ನೋಡಿ ನಕಲು ಮಾಡಿಕೊಳ್ಳಬಹುದಿತ್ತು. ಆ ಸ್ವಾತಂತ್ರ್ಯವಿರುವ ಕಡತ ಮಾತ್ರ ಶಾಸ್ತ್ರದಾನಕ್ಕೆ ಯೋಗ್ಯವಾದುದು.

ಕಡತದ ಗುಣವನ್ನೂ ನೋಡಬೇಕು. ಪುಟಗಳ ಚಿತ್ರಗಳನ್ನಷ್ಟೇ ಸೇರಿಸಿದ ಕಡತ ಮೊಬೈಲಿನ ಸಣ್ಣ ಪರದೆಯಲ್ಲಿ ಓದಲು ತ್ರಾಸದಾಯಕ. ಅದರಲ್ಲಿ ಒಂದು ಶಬ್ದವನ್ನು ಹುಡುಕುವುದೂ ಸಾಧ್ಯವಿಲ್ಲ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳಲ್ಲಿ ಜೋಡಿಸಿದ ಪಠ್ಯ, ಆ ಶೈಲಿಯಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳ ಸಾಲಾಗಿ ಕಾಣುತ್ತದೆ. ಅಚ್ಚಿನ ಕೆಲಸ ಮುಗಿದ ಮೇಲೆ ಆ ಕಡತವನ್ನು ಕೇಳಿ ಪಡೆದುಕೊಳ್ಳದೆ, ಮರುಮುದ್ರಣದ ಹೊತ್ತಿಗೆ ಮತ್ತೆ ಮೊದಲಿನಿಂದ ಅಕ್ಷರ ಜೋಡಿಸಲು ಹಣ ತೆತ್ತ ಮಂಡಳಿಗಳೂ ಇವೆ.

ಈ ಚರ್ಚೆ ನಡೆಯುತ್ತಿದ್ದಾಗ ಆ ತಾಯಿಯ ಸ್ವಂತ ಪುಸ್ತಕಗಳನ್ನು ಒಮ್ಮೆ ನೋಡೋಣವೆಂದು ನಾನು ಕೇಳಿದೆನು. ಹಾವೇರಿಯ ಮನೆಯ ಗಾಜಿನ ಕಪಾಟಿನಲ್ಲಿ ಬೇರೆ ಬೇರೆ ಸಮಾರಂಭಗಳಲ್ಲಿ ಬಂದ ಗಟ್ಟಿ ರಟ್ಟಿನ ಸಂಪುಟಗಳು ಸಾಲಾಗಿ ನಿಂತಿದ್ದವು. ತೆಗೆದು ನೋಡಿದರೆ ಕೆಲವುಗಳ ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಆಕೆಯ ನಿತ್ಯಪಾಠದ ಪುಸ್ತಕವನ್ನು ಸೊಸೆ ಪೂಜೆಯ ಪೆಟ್ಟಿಗೆಯಿಂದ ತಂದುಕೊಟ್ಟರು. ಅದು ಭಕ್ತಾಮರ ಸ್ತೋತ್ರವೂ ಇತರ ಪಾಠಗಳೂ ಇದ್ದ ಸಣ್ಣ ಸಾದಾ ಪ್ರತಿ. ಮೂಲದ ರಟ್ಟು ಎಂದೋ ಹೋಗಿತ್ತು. ಬಿಟ್ಟುಹೋದ ಹಾಳೆಗಳನ್ನು ಆಕೆಯೇ ಸೂಜಿದಾರದಿಂದ ಹೊಲಿದು, ಹಳೆಯ ಸೀರೆಯ ಅಂಚಿನ ಬಟ್ಟೆಯನ್ನು ಮೇಲೆ ಹೊದಿಸಿ, ಅಂಚುಗಳನ್ನು ಮಡಚಿ ಹೊಲಿಗೆ ಹಾಕಿದ್ದರು. ಕೆಲವು ಕಠಿಣ ಶಬ್ದಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಅರ್ಥವನ್ನು ಬರೆದುಕೊಂಡಿದ್ದರು. ಹಿರಿಯ ಮಗ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಆ ಮೇಲೆ ರಟ್ಟಿನ ವಿಚಾರವಾಗಿ ವಾದ ನಡೆಯಲಿಲ್ಲ.

ಆ ಕುಟುಂಬದವರು ಕೈಗೊಂಡ ನಿರ್ಣಯ ಹೀಗಿದೆ. ಓದಲು ಬಯಸುವವರ ಪಟ್ಟಿಯನ್ನು ಮೊದಲು ಮಾಡಿ, ಅಷ್ಟಕ್ಕೆ ಸ್ವಲ್ಪ ಹೆಚ್ಚಾಗಿ, ದಪ್ಪ ಅಕ್ಷರದ, ದಾರದಿಂದ ಹೊಲಿದ ಸಾದಾ ಪ್ರತಿಗಳು. ಬಸದಿಗಳ ಭಂಡಾರಗಳಿಗೂ ಸಾರ್ವಜನಿಕ ಗ್ರಂಥಾಲಯಗಳಿಗೂ, ಪ್ರಾಣಿಜನ್ಯವಲ್ಲದ ಅಂಟನ್ನೇ ಬಳಸಬೇಕೆಂಬ ಕರಾರಿನ ಮೇಲೆ, ಕೆಲವೇ ಗಟ್ಟಿ ರಟ್ಟಿನ ಪ್ರತಿಗಳು. ಯೂನಿಕೋಡ್ ಕಡತವನ್ನು ಯಾರು ಬೇಕಾದರೂ ಪಡೆದು ನಕಲು ಮಾಡಿ ಹಂಚಬಹುದೆಂಬ ಒಪ್ಪಿಗೆ ಪುಸ್ತಕದ ಎರಡನೆಯ ಪುಟದಲ್ಲಿಯೇ ಅಚ್ಚಾಗುತ್ತದೆ. ಅದನ್ನು ಮೂರು ಊರುಗಳ ಮೂರು ಮನೆಗಳಲ್ಲಿಯೂ ಕಾಯ್ದಿಡುವ ಹೊಣೆ ರಾಣೆಬೆನ್ನೂರಿನ ಮೊಮ್ಮಗನದು. ಭಾವಚಿತ್ರವಿಲ್ಲ, ತಾಯಿಯ ಹೆಸರು ಒಂದು ಸಾಲಿನಲ್ಲಿರುತ್ತದೆ.

ನಮ್ಮ ವಿಶ್ವಸ್ತ ಮಂಡಳಿಗಳಿಗೆ ನನ್ನ ವಿನಂತಿಯೂ ಇಷ್ಟೇ. ಪುಷ್ಪದಂತ ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಲಿಪಿಬದ್ಧಗೊಳಿಸಿದ್ದರ ನೆನಪಿಗಾಗಿ ಜ್ಯೇಷ್ಠ ಶುಕ್ಲ ಪಂಚಮಿಯಂದು ನಾವು ಶ್ರುತಪಂಚಮಿಯನ್ನು ಆಚರಿಸುತ್ತೇವೆ. ಅಂದು ಕಪಾಟುಗಳ ಬೀಗಗಳನ್ನು ತೆಗೆಯುತ್ತೇವೆ, ಗ್ರಂಥಗಳ ಧೂಳನ್ನು ಒರೆಸುತ್ತೇವೆ, ಅರ್ಘ್ಯವನ್ನು ಅರ್ಪಿಸುತ್ತೇವೆ. ಮುಂದಿನ ಶ್ರುತಪಂಚಮಿಯಂದು ಅರ್ಘ್ಯದ ಅನಂತರ ಬೀಗವನ್ನು ಮತ್ತೆ ಹಾಕುವ ಮೊದಲು, ಬಂದ ಪ್ರತಿಯೊಬ್ಬ ಶ್ರಾವಕ ಶ್ರಾವಿಕೆಯ ಕೈಗೂ ಒಂದೊಂದು ಗ್ರಂಥವನ್ನು ಕೊಟ್ಟು, ಹೆಸರನ್ನು ಬರೆದುಕೊಂಡು, ಮುಂದಿನ ಚಾತುರ್ಮಾಸ ಮುಗಿಯುವುದರೊಳಗೆ ಓದಿ ಹಿಂದಿರುಗಿಸಲು ಹೇಳೋಣ. ಹಿಂದಿರುಗಿ ಬಂದಾಗ ಯಾವ ಪುಸ್ತಕದ ರಟ್ಟು ಸವೆದಿದೆಯೋ ಆ ಪುಸ್ತಕದ ದಾನ ಸಫಲವಾಯಿತೆಂದು ತಿಳಿಯಬಹುದು.